ಹಳೇ ಲ್ಯಾಪ್‌ಟಾಪೇ ಸ್ಟುಡಿಯೋ

ಇವತ್ತು ರೆಸಾರ್ಟ್ ರಾಜಕೀಯ ಇಲ್ಲ, ಸಂಪುಟ ವಿಸ್ತರಣೆ ಇಲ್ಲ, ಯಾರು ಯಾರಿಗೆ ಏನಂದ್ರು ಅನ್ನೋ ಗಲಾಟೆಯೂ ಇಲ್ಲ. ಇವತ್ತು ಒಂದು ಮೆಷಿನ್ ಬಗ್ಗೆ ಮಾತಾಡೋಣ. ದಯವಿಟ್ಟು ರಿಮೋಟ್ ಕೈಗೆತ್ತಿಕೊಳ್ಳಬೇಡಿ. ಇದು ನಿಮಗೆ ಸಂಬಂಧಪಟ್ಟ ವಿಷಯವೇ.

ನನಗೆ ಬರೋ ಮೆಸೇಜ್‌ಗಳಲ್ಲಿ ಬೈಗುಳ ಬಿಟ್ಟರೆ ಅತಿ ಹೆಚ್ಚು ಬರೋದು ಒಂದೇ ಪ್ರಶ್ನೆ. ‘ಸರ್, ಪಾಡ್‌ಕಾಸ್ಟ್ ಶುರು ಮಾಡಬೇಕು, ಯಾವ ಮಿಕ್ಸರ್ ತಗೊಳ್ಳಲಿ?’ ಕೇಳೋರಲ್ಲಿ ಕಾಲೇಜ್ ಹುಡುಗಿಯರಿದ್ದಾರೆ, ನಿವೃತ್ತ ಮೇಷ್ಟ್ರುಗಳಿದ್ದಾರೆ, ಯಕ್ಷಗಾನ ಕಲಾವಿದರನ್ನು ಮಾತಾಡಿಸಬೇಕು ಅಂತಿರೋ ಬ್ಯಾಂಕ್ ನೌಕರರಿದ್ದಾರೆ. ಎಲ್ಲರೂ ಒಂದು ದೊಡ್ಡ ಪೆಟ್ಟಿಗೆ, ಅದರ ತುಂಬ ತಿರುಗುಣಿ, ಕೆಂಪು ಹಸಿರು ದೀಪ, ಇವಿಲ್ಲದೆ ಕೆಲಸ ಶುರುವೇ ಆಗಲ್ಲ ಅಂದ್ಕೊಂಡಿರ್ತಾರೆ. ಅವರಿಗೆಲ್ಲ ನನ್ನ ಉತ್ತರ ಒಂದೇ: ಸದ್ಯಕ್ಕೆ ಏನೂ ತಗೋಬೇಡಿ. ಅಟ್ಟದ ಮೇಲೆ ಹಳೇ ಲ್ಯಾಪ್‌ಟಾಪ್ ಇದೆಯಾ ನೋಡಿ. ಇಲ್ಲದಿದ್ದರೆ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ತಗೊಳ್ಳಿ. ಅದಕ್ಕೆ ಲಿನಕ್ಸ್ ಹಾಕಿ. ಮಿಕ್ಸರ್ ಅದರೊಳಗೇ ಇದೆ.

ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದಿ ಟಿವಿಗೆ ಬಂದವನು. ಓದಿದ್ದೊಂದು ಮಾಡ್ತಿರೋದೊಂದು ಅಂತ ನೆಂಟರು ಈಗಲೂ ಅಂತಾರೆ. ಇರಲಿ. ಓದಿದ್ದು ಇವತ್ತು ಉಪಯೋಗಕ್ಕೆ ಬರ್ತಿದೆ.

ಮಿಕ್ಸರ್ ಅಂದ್ರೆ ಏನು? ಹೆಸರು ಕೇಳಿದ್ರೆ ಎಲ್ಲ ಧ್ವನಿಗಳನ್ನೂ ಸೇರಿಸೋ ಯಂತ್ರ ಅನ್ಸುತ್ತೆ. ಅದು ಅರ್ಧ ಸತ್ಯ ಮಾತ್ರ. ಧ್ವನಿ ಸೇರಿಸೋದು ಸುಲಭ. ಯಾರಿಗೆ ಯಾವ ಧ್ವನಿ ಹೋಗಬಾರದು ಅಂತ ತೀರ್ಮಾನ ಮಾಡೋದೇ ಕಷ್ಟ. ನಮ್ಮ ಕಂಟ್ರೋಲ್ ರೂಮಿನಲ್ಲಿ ಆಡಿಯೋ ಎಂಜಿನಿಯರ್ ಸಂಬಳ ತಗೊಳ್ಳೋದು ಮುಖ್ಯವಾಗಿ ಈ ಕೆಲಸಕ್ಕೇ.

ನೀವೇ ನೋಡಿರ್ತೀರಿ. ನಾನು ಸ್ಟುಡಿಯೋದಿಂದ ಪ್ರಶ್ನೆ ಕೇಳ್ತೀನಿ. ಬೆಳಗಾವಿಯಲ್ಲಿ ನಿಂತ ರಿಪೋರ್ಟರ್ ಎರಡು ಸೆಕೆಂಡ್ ಸುಮ್ಮನೆ ತಲೆ ಆಡಿಸ್ತಾರೆ, ಆಮೇಲೆ ಮಾತು ಶುರು ಮಾಡ್ತಾರೆ. ನನ್ನ ಮಾತು ಅಲ್ಲಿಗೆ ತಲುಪೋಕೆ, ಅವರ ಮಾತು ಇಲ್ಲಿಗೆ ಬರೋಕೆ ಹೊತ್ತು ಹಿಡಿಯುತ್ತೆ. ಈಗ ಊಹಿಸಿ: ಪ್ರಸಾರ ಆಗ್ತಿರೋದನ್ನೇ ಹಾಗೇ ಆ ರಿಪೋರ್ಟರ್ ಕಿವಿಗೆ ಕಳಿಸಿಬಿಟ್ಟರೆ? ಅವರು ಹೇಳಿದ ಮಾತು ಅವರಿಗೇ ಎರಡು ಸೆಕೆಂಡ್ ತಡವಾಗಿ ಕೇಳಿಸುತ್ತೆ. ಮನುಷ್ಯನಿಗೆ ತನ್ನ ಧ್ವನಿಯೇ ತಡವಾಗಿ ಕಿವಿಗೆ ಬಿದ್ದರೆ ನಾಲಿಗೆ ತೊದಲುತ್ತೆ. ಎಂಥ ಅನುಭವಿಯಾದರೂ ಅಷ್ಟೆ. ಲೈವ್‌ನಲ್ಲಿ ರಿಪೋರ್ಟರ್ ಇದ್ದಕ್ಕಿದ್ದಂತೆ ಕಿವಿಯಿಂದ ಇಯರ್‌ಪೀಸ್ ಕಿತ್ತು ಹಾಕೋದು ಕಂಡಿದ್ದೀರಲ್ಲ, ಎಷ್ಟೋ ಸಲ ಕಾರಣ ಇದೇ.

ಹಾಗಾಗಿ ಅವರಿಗೆ ಬೇರೆಯದೇ ಒಂದು ಮಿಶ್ರಣ ಹೋಗುತ್ತೆ. ಎಲ್ಲವೂ ಇರುತ್ತೆ, ಅವರ ಧ್ವನಿಯೊಂದು ಬಿಟ್ಟು. ಪ್ರಸಾರದವರ ಭಾಷೆಯಲ್ಲಿ ಇದಕ್ಕೆ ಮಿಕ್ಸ್ ಮೈನಸ್ ಅಂತಾರೆ. ಅಡುಗೆಮನೆ ಭಾಷೆಯಲ್ಲಿ ಹೇಳ್ತೀನಿ. ಮನೇಲಿ ಚಟ್ನಿ ರುಬ್ಬುವಾಗ ಚಿಕ್ಕ ಮಗುವಿಗೆ ಖಾರ ಇಲ್ಲದ್ದು ಬೇಕು ಅಂದ್ರೆ ಅಮ್ಮ ಏನ್ ಮಾಡ್ತಾರೆ? ಮೆಣಸಿನಕಾಯಿ ಹಾಕೋ ಮುಂಚೆಯೇ ಒಂದು ಬಟ್ಟಲು ತೆಗೆದಿಡ್ತಾರೆ. ರುಬ್ಬಿದ ಮೇಲೆ ಖಾರ ವಾಪಸ್ ತೆಗೆಯೋಕೆ ಯಾರಿಂದಲೂ ಆಗಲ್ಲ. ಧ್ವನಿಯೂ ಅಷ್ಟೆ. ಅತಿಥಿಯ ಧ್ವನಿ ಇಲ್ಲಿ ಮೆಣಸಿನಕಾಯಿ. ಅವರಿಗೆ ಕಳಿಸೋ ಬಟ್ಟಲನ್ನು ಅದು ಬೀಳೋ ಮುಂಚೆಯೇ ತೆಗೆದಿಟ್ಟರೆ ಮುಗೀತು.

ಇಷ್ಟು ಅರ್ಥವಾದ ಮೇಲೆ ಲಿನಕ್ಸ್‌ಗೆ ಬರೋಣ.

ಲಿನಕ್ಸ್‌ನಲ್ಲಿ ಸೌಂಡ್ ಅಂದ್ರೆ ತಲೆನೋವು ಅಂತ ಹಳಬರು ಹೇಳ್ತಾರೆ. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು. ತಳದಲ್ಲಿ ಆಲ್ಸಾ, ಅಂದರೆ ಸೌಂಡ್ ಕಾರ್ಡ್ ಜೊತೆ ನೇರವಾಗಿ ಮಾತಾಡೋ ಪದರ. 1998ರಲ್ಲಿ ಯಾರೋಸ್ಲಾವ್ ಕಿಸೆಲಾ ಶುರು ಮಾಡಿದ್ದು. ಅದರ ಮೇಲೆ ಎರಡು ದಾರಿ. ಹಾಡು ಕೇಳೋರಿಗೆ, ಸಿನಿಮಾ ನೋಡೋರಿಗೆ ಪಲ್ಸ್‌ಆಡಿಯೋ. ರೆಕಾರ್ಡಿಂಗ್ ಮಾಡೋ ವೃತ್ತಿಪರರಿಗೆ ಜ್ಯಾಕ್. ಜ್ಯಾಕ್ ಬರೆದವರು ಪಾಲ್ ಡೇವಿಸ್. ಅಮೆಜಾನ್ ಕಂಪನಿ ಕಣ್ಣು ಬಿಡುತ್ತಿದ್ದಾಗ ಅಲ್ಲಿದ್ದ ಮೊದಲ ಪ್ರೋಗ್ರಾಮರ್‌ಗಳಲ್ಲಿ ಒಬ್ಬರು. ಅಲ್ಲಿಂದ ಹೊರಗೆ ಬಂದು ಆರ್ಡರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಕಟ್ಟೋಕೆ ಕೂತರು. (ಹೋಟೆಲ್ ಆರ್ಡರ್ ಅಲ್ಲ, ಅದರ ಹೆಸರೇ ಹಾಗೆ.) ಎರಡೂ ಒಳ್ಳೆಯವೇ. ಆದರೆ ಒಟ್ಟಿಗೆ ಸಂಸಾರ ಮಾಡ್ತಿರಲಿಲ್ಲ. ಬ್ರೌಸರ್‌ನಲ್ಲಿ ಬರೋ ಅತಿಥಿಯ ಕರೆ ಒಂದು ಕಡೆ, ನಿಮ್ಮ ರೆಕಾರ್ಡಿಂಗ್ ಇನ್ನೊಂದು ಕಡೆ. ನಡುವೆ ಸೇತುವೆ ಕಟ್ಟೋದರಲ್ಲೇ ಭಾನುವಾರ ಕಳೆದುಹೋಗ್ತಿತ್ತು.

ಆ ಜಗಳ ಬಿಡಿಸಿದ್ದು ಪೈಪ್‌ವೈರ್. ವಿಮ್ ಟೇಮನ್ಸ್ ಅನ್ನೋರು ಮೊದಲು ಅದನ್ನು ಬರೆಯೋಕೆ ಹೊರಟಿದ್ದು ಕ್ಯಾಮೆರಾ ವಿಡಿಯೋ ಹಂಚೋದಕ್ಕೆ. ಆಮೇಲೆ ಆಡಿಯೋವನ್ನೂ ಸೇರಿಸಿದರು. ಪಲ್ಸ್‌ಆಡಿಯೋ ಭಾಷೆಯೂ ಗೊತ್ತು, ಜ್ಯಾಕ್ ಭಾಷೆಯೂ ಗೊತ್ತು ಇದಕ್ಕೆ. 2021ರಲ್ಲಿ ಫೆಡೋರಾ 34ರ ಜೊತೆ ತಾನಾಗೇ ಬಂತು, ಮುಂದಿನ ವರ್ಷ ಉಬುಂಟು 22.10ರಲ್ಲಿ ಬಂತು, 2023ರ ನವೆಂಬರ್‌ನಲ್ಲಿ ಅದರ 1.0 ಆವೃತ್ತಿ ಹೊರಬಿತ್ತು. ಅಂದರೆ ಇವತ್ತು ನೀವು ಹೊಸದಾಗಿ ಲಿನಕ್ಸ್ ಹಾಕ್ಕೊಂಡ್ರೆ ಇದು ಆಗಲೇ ಒಳಗೆ ಕೂತಿರುತ್ತೆ. ಒಂದು ಪೈಸೆ ಕೊಡಬೇಕಿಲ್ಲ.

ಈಗ ಕೆಲಸ. ಒಂದು ಮೈಕ್, ಒಂದು ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ಒಂದು ಹೆಡ್‌ಫೋನ್ ಬೇಕು. ಇಂಟರ್‌ಫೇಸ್ ತಗೊಳ್ಳುವಾಗ ಅಂಗಡಿಯಲ್ಲಿ ಒಂದೇ ಮಾತು ಕೇಳಿ: ಇದು ‘ಕ್ಲಾಸ್ ಕಂಪ್ಲಯಂಟ್’ ಹೌದಾ? ಹೌದಾದರೆ ಬೇರೆ ಡ್ರೈವರ್ ಬೇಡ, ಚುಚ್ಚಿದ ಕೂಡಲೇ ಲಿನಕ್ಸ್ ಗುರುತು ಹಿಡಿಯುತ್ತೆ. ಕಂಡೆನ್ಸರ್ ಮೈಕ್ ಇದ್ದರೆ 48 ವೋಲ್ಟ್ ಬಟನ್ ಇರೋ ಇಂಟರ್‌ಫೇಸ್ ಬೇಕು. ಬೀದಿ ಗದ್ದಲ ಇರೋ ಮನೆಗೆ ನಾನು ಹೇಳೋದು ಡೈನಾಮಿಕ್ ಮೈಕ್. ಬಾಯಿ ಹತ್ತಿರ ಇಟ್ಟುಕೊಂಡು ಮಾತಾಡಿದರೆ ಅದು ಪಕ್ಕದ ಮನೆ ಕುಕ್ಕರ್ ವಿಷಲ್‌ಗೆ ಅಷ್ಟಾಗಿ ತಲೆ ಕೆಡಿಸ್ಕೊಳ್ಳಲ್ಲ.

ಲ್ಯಾಪ್‌ಟಾಪ್‌ನಲ್ಲಿ ‘ಕ್ಯೂಪಿಡಬ್ಲ್ಯೂಗ್ರಾಫ್’ ಅನ್ನೋ ಚಿಕ್ಕ ಸಾಫ್ಟ್‌ವೇರ್ ಹಾಕ್ಕೊಳ್ಳಿ. ತೆರೆದರೆ ಪರದೆ ಮೇಲೆ ಡಬ್ಬಿಗಳು ಕಾಣ್ತವೆ. ಮೈಕ್ ಒಂದು ಡಬ್ಬಿ, ಬ್ರೌಸರ್ ಒಂದು, ಮ್ಯೂಸಿಕ್ ಪ್ಲೇಯರ್ ಒಂದು, ಹೆಡ್‌ಫೋನ್ ಒಂದು. ಡಬ್ಬಿಯಿಂದ ಡಬ್ಬಿಗೆ ಮೌಸ್ ಎಳೆದರೆ ವೈರ್ ಬೀಳುತ್ತೆ. ಹಳೇ ಟೆಲಿಫೋನ್ ಎಕ್ಸ್‌ಚೇಂಜ್ ಥರ. ನಮ್ಮ ಚಾನೆಲ್ ರ‍್ಯಾಕ್ ರೂಮಿನಲ್ಲಿ ಕಟ್ಟುಗಟ್ಟಲೆ ಕೇಬಲ್ ಮಾಡೋ ಕೆಲಸ ಇಲ್ಲಿ ಹಸಿರು ಗೆರೆಗಳಲ್ಲಿ ಮುಗಿಯುತ್ತೆ.

ಈ ಚಿತ್ರದಲ್ಲಿ ಎರಡು ಖಾಲಿ ಪಾತ್ರೆ ಬೇಕು. ಲಿನಕ್ಸ್‌ನವರು ಇದಕ್ಕೆ ನಲ್ ಸಿಂಕ್ ಅಂತಾರೆ. ನಿಜವಾದ ಸ್ಪೀಕರ್ ಅಲ್ಲ, ಧ್ವನಿ ಸುರಿಯೋಕೆ ಒಂದು ಕಾಲ್ಪನಿಕ ಜಾಗ. ಒಂದೊಂದು ಸಾಲಿನ ಕಮಾಂಡ್‌ನಲ್ಲಿ ತಯಾರಾಗುತ್ತೆ. ಹಾಗೆ ಮಾಡಿದ್ದು ಮೆಷಿನ್ ಆಫ್ ಮಾಡಿದರೆ ಅಳಿಸಿಹೋಗುತ್ತೆ, ಉಳಿಯಬೇಕು ಅಂದ್ರೆ ಪೈಪ್‌ವೈರ್‌ನ ಕಾನ್ಫಿಗರೇಶನ್ ಫೈಲ್‌ನಲ್ಲಿ ಬರೆದಿಡಬೇಕು. ಒಂದಕ್ಕೆ ‘ಅತಿಥಿ’ ಅಂತ ಹೆಸರಿಡಿ, ಇನ್ನೊಂದಕ್ಕೆ ‘ಪ್ರಸಾರ’ ಅಂತ.

‘ಅತಿಥಿ’ ಪಾತ್ರೆಗೆ ನಿಮ್ಮ ಮೈಕ್ ಮತ್ತು ಸಂಗೀತ, ಇವೆರಡೇ. ಇದೇ ಖಾರ ಇಲ್ಲದ ಬಟ್ಟಲು. ‘ಪ್ರಸಾರ’ ಪಾತ್ರೆಗೆ ಆ ‘ಅತಿಥಿ’ ಪಾತ್ರೆಯಲ್ಲಿ ಇರೋದೆಲ್ಲ, ಜೊತೆಗೆ ಬ್ರೌಸರ್‌ನಿಂದ ಬರೋ ಅತಿಥಿಯ ಧ್ವನಿ. ರೆಕಾರ್ಡ್ ಆಗೋದು, ಲೈವ್ ಹೋಗೋದು ಇದು. ಇನ್ನು ಬ್ರೌಸರ್‌ಗೆ ಮೈಕ್ ಯಾವುದು ಅಂತ ಕೇಳಿದಾಗ ‘ಅತಿಥಿ’ ಪಾತ್ರೆಯ ಮಾನಿಟರ್ ತೋರಿಸಿ. ಕೆಲವು ಬ್ರೌಸರ್‌ಗಳ ಪಟ್ಟಿಯಲ್ಲಿ ಅದು ಕಾಣೋದೇ ಇಲ್ಲ. ಗಾಬರಿ ಬೇಡ. ಕರೆ ಶುರುವಾದ ಮೇಲೆ ಆ ಚಿತ್ರದಲ್ಲೇ ಮೈಕಿನಿಂದ ಬ್ರೌಸರ್‌ಗೆ ಹೋಗಿರೋ ವೈರ್ ಕಿತ್ತು, ‘ಅತಿಥಿ’ಯಿಂದ ಒಂದು ವೈರ್ ಎಳೆಯಿರಿ. ಅಷ್ಟೇ ಸ್ವಾಮಿ, ನಮ್ಮ ಕಂಟ್ರೋಲ್ ರೂಮ್ ನಿಮ್ಮ ಊಟದ ಟೇಬಲ್ ಮೇಲೆ ಬಂತು.

ಒಂದೆರಡು ಕಡೆ ಎಡವೋ ಜಾಗ ಇದೆ. ಮೈಕ್ ಎರಡು ಚಾನೆಲ್ ಇಂಟರ್‌ಫೇಸ್‌ನ ಮೊದಲ ತೂತಿಗೆ ಚುಚ್ಚಿದ್ದರೆ ಧ್ವನಿ ಎಡ ಕಿವಿಯಲ್ಲಿ ಮಾತ್ರ ಬರಬಹುದು. ಆ ಒಂದು ವೈರನ್ನೇ ಪಾತ್ರೆಯ ಎಡಕ್ಕೂ ಬಲಕ್ಕೂ ಎಳೆದುಬಿಡಿ. ಇನ್ನೊಂದು, ನೀವೂ ಅತಿಥಿಯೂ ಇಬ್ಬರೂ ಹೆಡ್‌ಫೋನ್ ಹಾಕಲೇಬೇಕು. ಸ್ಪೀಕರ್ ಇಟ್ಟರೆ ಅವರ ಧ್ವನಿ ಗಾಳಿಯಲ್ಲಿ ಬಂದು ನಿಮ್ಮ ಮೈಕಿಗೆ ಬೀಳುತ್ತೆ, ತೆಗೆದಿಟ್ಟ ಬಟ್ಟಲಿಗೂ ಖಾರ ಬಿತ್ತು ಅಂತಲೇ ಲೆಕ್ಕ. ‘ಬ್ರೌಸರ್‌ನಲ್ಲೇ ಎಕೋ ತೆಗೆಯೋ ವ್ಯವಸ್ಥೆ ಇದೆಯಲ್ಲ’ ಅಂತೀರಿ. ಇದೆ. ಆದರೆ ಅದು ಮಾತಿಗಾಗಿ ಮಾಡಿದ್ದು. ಭಾಗವತರ ಹಾಡಿನ ಹಿಂದಿನ ಚೆಂಡೆ ಮದ್ದಳೆಯನ್ನು ಅದು ಗದ್ದಲ ಅಂತ ತಿಳಿದು ಒತ್ತಿಬಿಡಬಹುದು. ವೈರಿಂಗ್ ಸರಿ ಇದ್ದರೆ ಅದನ್ನು ಆಫ್ ಮಾಡಿ ಇಡೋ ಧೈರ್ಯ ಬರುತ್ತೆ.

ತಡದ ಲೆಕ್ಕ ಒಂದು ಹೇಳಿಬಿಡ್ತೀನಿ. ಧ್ವನಿ ಸೆಕೆಂಡಿಗೆ 48,000 ಚೂರುಗಳಾಗಿ ಒಳಗೆ ಬರುತ್ತೆ. ಲಿನಕ್ಸ್ ಅವುಗಳನ್ನು ಕಂತು ಕಂತಾಗಿ ಹಿಡಿಯುತ್ತೆ. ಕಂತಿಗೆ 256 ಚೂರಾದರೆ ಸುಮಾರು 5 ಮಿಲಿಸೆಕೆಂಡ್ ತಡ, 1,024 ಆದರೆ 21. ಕಂತು ಚಿಕ್ಕದಾದಷ್ಟೂ ತಡ ಕಮ್ಮಿ, ಆದರೆ ಹಳೇ ಲ್ಯಾಪ್‌ಟಾಪ್‌ಗೆ ಉಸಿರು ಕಟ್ಟುತ್ತೆ, ಚಟ್ ಪಟ್ ಅಂತ ಸದ್ದು ಶುರುವಾಗುತ್ತೆ. ಮಾತಿನ ಕಾರ್ಯಕ್ರಮಕ್ಕೆ 1,024 ಧಾರಾಳವಾಗಿ ಸಾಕು. ಆಗ ಹೆಡ್‌ಫೋನ್‌ಗೆ ಇಡೀ ‘ಪ್ರಸಾರ’ ಪಾತ್ರೆ ಕಳಿಸಬೇಡಿ. ಅತಿಥಿ ಮತ್ತು ಸಂಗೀತ ಮಾತ್ರ ಕಳಿಸಿ, ನಿಮ್ಮ ಧ್ವನಿಯನ್ನು ಇಂಟರ್‌ಫೇಸ್ ಮೇಲಿರೋ ಡೈರೆಕ್ಟ್ ಮಾನಿಟರ್ ಗುಂಡಿಯಿಂದ ಕೇಳಿಸ್ಕೊಳ್ಳಿ. ಅದು ಲ್ಯಾಪ್‌ಟಾಪ್ ಒಳಗೆ ಹೋಗೋದೇ ಇಲ್ಲ, ತಡವೂ ಇಲ್ಲ.

ವೀಕ್ಷಕರೇ, ಇಲ್ಲಿವರೆಗೆ ಹೇಳಿದ್ದು ಯಾವ ದೇಶದಲ್ಲಾದರೂ ನಡೆಯೋ ಮಾತು. ಮುಂದಿನದು ಕನ್ನಡದವರಿಗೆ ಮಾತ್ರ.

ಎಲ್ಲರಿಗೂ ಹಿನ್ನೆಲೆ ಸದ್ದಿನ ಭಯ. ಫ್ಯಾನ್, ಆಟೋ, ಬೀದಿ ನಾಯಿ. ಹಾಗಾಗಿ ಮೊದಲು ಕೈ ಹಾಕೋದೇ ನಾಯ್ಸ್ ಗೇಟ್‌ಗೆ. ಈಸಿ ಎಫೆಕ್ಟ್ಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಅದು ಇದೆ, ಆರ್‌ಎನ್‌ನಾಯ್ಸ್ ಅನ್ನೋ ಕೃತಕ ಬುದ್ಧಿಮತ್ತೆಯ ಶೋಧಕವೂ ಇದೆ. ಗೇಟ್ ಅಂದ್ರೆ ಹೆಸರೇ ಹೇಳುತ್ತೆ: ಧ್ವನಿ ಒಂದು ಮಟ್ಟಕ್ಕಿಂತ ಮೇಲಿದ್ದರೆ ಬಾಗಿಲು ತೆರೀತದೆ, ಕೆಳಗಿಳಿದರೆ ಮುಚ್ಚುತ್ತೆ. ಕೇಳೋಕೆ ಚೆನ್ನಾಗಿದೆ. ಆದರೆ ಕನ್ನಡದ ವಾಕ್ಯ ಹೇಗಿದೆ ನೋಡಿ. ಇಂಗ್ಲಿಷ್‌ನಲ್ಲಿ ‘ಅಲ್ಲ’, ‘ಇಲ್ಲ’ ಅನ್ನೋದು ಬಹುಪಾಲು ವಾಕ್ಯದ ಶುರುವಲ್ಲೇ, ದನಿ ಗಟ್ಟಿ ಇರುವಾಗಲೇ ಬಂದುಹೋಗುತ್ತೆ. ನಮ್ಮಲ್ಲಿ ತೀರ್ಪು ಬರೋದು ಕೊನೆಗೆ. ಹೌದೋ ಅಲ್ಲವೋ, ಬಂದನೋ ಬರಲಿಲ್ಲವೋ, ಎಲ್ಲ ಬಾಲದಲ್ಲಿ. ಅದೇ ಜಾಗದಲ್ಲಿ ಉಸಿರು ಮುಗಿದಿರುತ್ತೆ, ದನಿ ಇಳಿದಿರುತ್ತೆ.

ಒಬ್ಬ ಪಂಚಾಯ್ತಿ ಸದಸ್ಯ ನಿಮ್ಮ ಪಾಡ್‌ಕಾಸ್ಟ್‌ನಲ್ಲಿ ಕೂತು ‘ದುಡ್ಡು ತಗೊಂಡಿದ್ದು ನಾನಲ್ಲ’ ಅಂತಾನೆ ಅಂತಿಟ್ಕೊಳ್ಳಿ. ಹೇಳುವಾಗ ತಲೆ ತಗ್ಗಿಸ್ತಾನೆ, ಧ್ವನಿ ಸಣ್ಣಗಾಗುತ್ತೆ. ಗೇಟ್ ಟಪ್ ಅಂತ ಮುಚ್ಚುತ್ತೆ. ಕೇಳುಗರಿಗೆ ತಲುಪೋದೇನು? ‘ದುಡ್ಡು ತಗೊಂಡಿದ್ದು ನಾನ...’ ಅರ್ಥ ತಲೆಕೆಳಗಾಯ್ತು. ನೀವು ಬೇಕಂತ ಕತ್ತರಿಸಿಲ್ಲ. ಎಡಿಟಿಂಗ್ ಟೇಬಲ್ ಮುಟ್ಟೇ ಇಲ್ಲ. ಒಂದು ಗುಂಡಿ ಅರ್ಧ ಸುತ್ತು ಹೆಚ್ಚು ತಿರುಗಿತ್ತು, ಅಷ್ಟೆ. ಆ ಮನುಷ್ಯ ಮಾತ್ರ ನಾಳೆ ಊರಲ್ಲಿ ತಲೆ ಎತ್ತಿ ನಡೆಯೋ ಹಾಗಿಲ್ಲ. ಟಿವಿಯವರು ಮಾತು ತಿರುಚ್ತಾರೆ ಅಂತ ನೀವು ದಿನಾ ಬಯ್ತೀರಿ. ಮೈಕ್ ನಿಮ್ಮ ಕೈಗೆ ಬಂದಾಗ ಈ ಜವಾಬ್ದಾರಿಯೂ ಅದರ ಜೊತೆಗೇ ಬರುತ್ತೆ.

ಹಾಗಾಗಿ ನನ್ನ ಕ್ರಮ ಇದು. ಮೊದಲು ಫ್ಯಾನ್ ಆಫ್ ಮಾಡಿ, ಕಿಟಕಿ ಹಾಕಿ, ಮೈಕ್ ಹತ್ತಿರ ಬನ್ನಿ. ಮಂಚದ ಮೇಲಿನ ರಗ್ಗು ಗೋಡೆಗೆ ತೂಗುಹಾಕಿದರೆ ಅರ್ಧ ಪ್ರತಿಧ್ವನಿ ಹೋಗುತ್ತೆ. ಅಷ್ಟಾದ ಮೇಲೂ ಗೇಟ್ ಬೇಕೇ ಬೇಕು ಅಂದ್ರೆ ಮಟ್ಟ ತುಂಬ ಕೆಳಗಿಡಿ, ಬಾಗಿಲು ನಿಧಾನಕ್ಕೆ ಮುಚ್ಚೋ ಹಾಗೆ ರಿಲೀಸ್ ಸಮಯ ಅರ್ಧ ಸೆಕೆಂಡಾದರೂ ಕೊಡಿ. ಗೇಟ್‌ಗಿಂತ ಹದವಾದ ಕಂಪ್ರೆಸರ್ ಮೇಲು. ಅದು ಗಟ್ಟಿ ದನಿಯನ್ನು ಸ್ವಲ್ಪ ತಗ್ಗಿಸುತ್ತೆ, ಆಮೇಲೆ ಒಟ್ಟು ಮಟ್ಟ ಏರಿಸಿದಾಗ ಆ ಇಳಿದ ‘ಅಲ್ಲ’ವೂ ಮೇಲೆ ಬರುತ್ತೆ. ಎಲ್ಲಕ್ಕಿಂತ ಮುಖ್ಯ, ಮಿಶ್ರಣದ ಜೊತೆಗೆ ಪ್ರತಿಯೊಬ್ಬರ ಹಸಿ ಧ್ವನಿಯನ್ನು ಯಾವ ಶೋಧಕವೂ ಮುಟ್ಟದ ಹಾಗೆ ಆರ್ಡರ್‌ನಲ್ಲಿ ಬೇರೆ ಬೇರೆ ಟ್ರ್ಯಾಕ್ ಆಗಿ ಉಳಿಸಿಕೊಳ್ಳಿ. ನಾಳೆ ‘ನಾನು ಹಾಗೆ ಹೇಳಿಲ್ಲ’ ಅಂತ ಯಾರಾದರೂ ಬಂದರೆ ತೆಗೆದು ತೋರಿಸೋಕೆ ಸಾಕ್ಷಿ ಬೇಕಲ್ವಾ?

ಇನ್ನು ಗಟ್ಟಿತನ. ಕಿರುಚಿದರೆ ಜನ ಕೇಳ್ತಾರೆ ಅನ್ನೋದು ನಮ್ಮ ವೃತ್ತಿಯ ನಂಬಿಕೆ. ಪಾಡ್‌ಕಾಸ್ಟ್‌ನಲ್ಲಿ ಅದು ನಡೆಯಲ್ಲ. ಅಲ್ಲಿ ಸರಾಸರಿ ಗಟ್ಟಿತನವನ್ನು ಅಳೀತಾರೆ, ಲಫ್ಸ್ ಅನ್ನೋ ಅಳತೆಯಲ್ಲಿ. ಪಾಡ್‌ಕಾಸ್ಟ್‌ಗೆ ಮೈನಸ್ 16ರ ಆಸುಪಾಸು ರೂಢಿ, ಯುರೋಪಿನ ಟಿವಿ ಪ್ರಸಾರಕರಿಗೆ ಮೈನಸ್ 23. ಇದಕ್ಕಿಂತ ಗಟ್ಟಿಯಾಗಿ ಕಳಿಸಿದರೆ ಎಷ್ಟೋ ಆ್ಯಪ್‌ಗಳು ತಾವೇ ತಗ್ಗಿಸಿಬಿಡ್ತವೆ. ನನ್ನಂಥವರಿಗೆ ಇದು ಬೇಜಾರಿನ ಸುದ್ದಿ, ನಿಮಗೆ ಸಿಹಿ ಸುದ್ದಿ.

‘ರೆಕಾರ್ಡ್ ಸರಿ ಸರ್, ಲೈವ್ ಹೋಗಬೇಕು’ ಅನ್ನೋರಿಗೆ ಎರಡು ಹೆಸರು. ಮನೆಯ ಲ್ಯಾಪ್‌ಟಾಪ್‌ನಲ್ಲಿ ಬಟ್ ಅನ್ನೋ ಪುಟ್ಟ ಸಾಫ್ಟ್‌ವೇರ್, ದೂರದ ಬಾಡಿಗೆ ಸರ್ವರ್‌ನಲ್ಲಿ ಐಸ್‌ಕಾಸ್ಟ್. ನಿಮ್ಮ ‘ಪ್ರಸಾರ’ ಪಾತ್ರೆಯಲ್ಲಿರೋದನ್ನು ಬಟ್ ಎತ್ತಿ ಕಳಿಸುತ್ತೆ, ಐಸ್‌ಕಾಸ್ಟ್ ಕೇಳುಗರಿಗೆ ಹಂಚುತ್ತೆ. ಮಾತಿಗೆ 64 ಕಿಲೋಬಿಟ್ ಸಾಕು. ಅಂದರೆ ಒಂದು ಗಂಟೆಗೆ 29 ಎಂಬಿಗಿಂತ ಸ್ವಲ್ಪ ಕಮ್ಮಿ. ಹಳ್ಳಿಯ ಮೊಬೈಲ್ ಹಾಟ್‌ಸ್ಪಾಟ್‌ನಿಂದಲೂ ಹೋಗುತ್ತೆ. ನೂರು ಜನ ಕೇಳಿದರೂ ಭಾರ ಬೀಳೋದು ಸರ್ವರ್ ಮೇಲೆ, ನಿಮ್ಮ ಮೇಲಲ್ಲ.

ಇದರಲ್ಲಿ ಅಂಥ ದೊಡ್ಡ ವಿಷಯ ಏನಿದೆ ಅಂತ ಕೇಳೋರಿಗೆ ನಮ್ಮದೇ ನೆಲದ ಎರಡು ಸಂಗತಿ ಹೇಳ್ತೀನಿ. 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದರು. ಅದಕ್ಕಿಟ್ಟ ಹೆಸರು ‘ಆಕಾಶವಾಣಿ’. ಆ ಹೆಸರೇ ಮುಂದೆ ಇಡೀ ದೇಶದ ರೇಡಿಯೋಗೆ ಬಂತು. ಇನ್ನೊಂದು ಕೋಲಾರ ಜಿಲ್ಲೆಯ ಬೂದಿಕೋಟೆ. ಹೈದರಾಲಿ ಹುಟ್ಟಿದ ಊರು ಅಂತ ಪಾಠದಲ್ಲಿ ಓದಿದ್ದೀರಿ. 2000ದ ದಶಕದ ಶುರುವಿನಲ್ಲಿ ಅಲ್ಲಿನ ಜನ ‘ನಮ್ಮ ಧ್ವನಿ’ ಅನ್ನೋ ಕೇಂದ್ರ ಕಟ್ಟಿದರು. ಸಮುದಾಯಗಳಿಗೆ ರೇಡಿಯೋ ಲೈಸೆನ್ಸ್ ಸಿಗದ ಕಾಲ. ಗಾಳಿಯಲ್ಲಿ ಕಳಿಸೋ ಹಾಗಿಲ್ಲ ಅಂದಾಗ ಕೇಬಲ್ ಟಿವಿಯ ತಂತಿಯಲ್ಲಿ ಧ್ವನಿ ಕಳಿಸಿದರು! ತರಂಗಾಂತರ ಸಾರ್ವಜನಿಕ ಸ್ವತ್ತು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ರೇಡಿಯೋ ಬಾಗಿಲು ತೆರೆದಿದ್ದು 2006ರಲ್ಲಿ. ಇವತ್ತಿಗೂ ಅವರು ಸ್ವಂತ ಸುದ್ದಿ ಓದೋ ಹಾಗಿಲ್ಲ.

ಇಂಟರ್ನೆಟ್‌ಗೆ ಆ ತರಂಗಾಂತರದ ಲೈಸೆನ್ಸ್ ಪ್ರಶ್ನೆ ಬರಲ್ಲ. ಹಾಗಂತ ಕಾನೂನೇ ಇಲ್ಲ ಅಂದ್ಕೋಬೇಡಿ. ಮಾನನಷ್ಟ ಮೊಕದ್ದಮೆ ಪಾಡ್‌ಕಾಸ್ಟ್‌ಗೂ ಬರುತ್ತೆ. ಸಿನಿಮಾ ಹಾಡನ್ನು ಅನುಮತಿ ಇಲ್ಲದೆ ಹಿನ್ನೆಲೆಗೆ ಹಾಕಿದರೆ ಕಾಪಿರೈಟ್ ನೋಟಿಸೂ ಬರುತ್ತೆ. ಪಕ್ಕದ ಬೀದಿಯಲ್ಲಿ ಕೊಳಲು ನುಡಿಸೋ ಹುಡುಗನಿಂದ ಅರ್ಧ ನಿಮಿಷದ ಟ್ಯೂನ್ ಮಾಡಿಸಿಕೊಳ್ಳಿ, ಅವನಿಗೆ ದುಡ್ಡು ಕೊಡಿ.

ಕೊನೆಗೆ ಒಂದು ಪರೀಕ್ಷೆ. ಲೈವ್ ಹೋಗೋ ಹಿಂದಿನ ದಿನ ಲ್ಯಾಪ್‌ಟಾಪ್‌ನ ಸ್ಲೀಪ್ ಸೆಟ್ಟಿಂಗ್ ಆಫ್ ಮಾಡಿ, ಚಾರ್ಜರ್ ಚುಚ್ಚಿ, ಒಬ್ಬ ಸ್ನೇಹಿತರಿಗೆ ಕರೆ ಮಾಡಿ. ‘ನಿಮ್ಮ ಧ್ವನಿ ನಿಮಗೇ ವಾಪಸ್ ಕೇಳಿಸ್ತಿದೆಯಾ?’ ಅಂತ ಕೇಳಿ. ಇಲ್ಲ ಅಂದ್ರೆ ವೈರಿಂಗ್ ಸರಿ ಇದೆ. ಆಮೇಲೆ ಅವರ ಕೈಲಿ ‘ತಗೊಂಡಿದ್ದು ನಾನಲ್ಲ’ ಅಂತ ಹತ್ತು ಸಲ ಹೇಳಿಸಿ. ಗಟ್ಟಿಯಾಗಿ, ಮೆಲ್ಲಗೆ, ನಗ್ತಾ, ಉಸಿರು ಬಿಡ್ತಾ. ರೆಕಾರ್ಡಿಂಗನ್ನು ಬಸ್ಸಿನಲ್ಲಿ ಕೂತು ಮಾಮೂಲಿ ಇಯರ್‌ಫೋನ್‌ನಲ್ಲಿ ಕೇಳಿ. ಹತ್ತು ‘ಅಲ್ಲ’ ಲೆಕ್ಕಕ್ಕೆ ಸಿಕ್ಕರೆ ಮರುದಿನ ಧಾರಾಳವಾಗಿ ಲೈವ್ ಹೋಗಿ. ಒಂಬತ್ತೇ ಸಿಕ್ಕರೆ ಗೇಟ್ ಆಫ್ ಮಾಡಿ, ಮತ್ತೆ ಎಣಿಸಿ.